ವಿಪಿಎನ್ ಬರದಿದ್ದರೆ ಮೊದಲು ಎಲ್ಲಿ ನೋಡಬೇಕು

2020ರ ಮಾರ್ಚ್ 25ರಂದು ಕೊರೊನಾದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನ ಕಂಪನಿಗಳಲ್ಲಿದ್ದ ನಮ್ಮ ಕಡೆಯ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹೊತ್ತು ಊರು ಸೇರಿದರು. ಹೊನ್ನಾಳಿ, ನ್ಯಾಮತಿ ಪೇಟೆಗಳಲ್ಲಿ ವಿಪಿಎನ್ (ಇಂಟರ್‌ನೆಟ್ ಮೇಲೆಯೇ ಬೀಗ ಹಾಕಿದ ಖಾಸಗಿ ದಾರಿ) ಎಂಬ ಮಾತು ದಿನಬಳಕೆಗೆ ಬಂದದ್ದು ಆಗ. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 13ರಂದು, ದೂರಸಂಪರ್ಕ ಇಲಾಖೆ ಕಾಲ್‌ಸೆಂಟರಿನಂಥ ಸೇವಾ ಕಂಪನಿಗಳ ಮೇಲಿದ್ದ ಕಟ್ಟುಪಾಡುಗಳನ್ನು ಸಡಿಲಿಸಿತ್ತು. ಅಲ್ಲಿಯವರೆಗೆ ಅಂಥ ಕಂಪನಿ ತನ್ನ ನೌಕರರನ್ನು ಮನೆಯಲ್ಲಿ ಕೂರಿಸಿ ಕೆಲಸ ಮಾಡಿಸಬೇಕಾದರೆ ಭದ್ರತಾ ಠೇವಣಿ ಇಡಬೇಕಿತ್ತು, ಪರವಾನಗಿ ಇರುವ ಸೇವಾದಾರರಿಂದಲೇ ಖಾಸಗಿ ಮಾರ್ಗ ಪಡೆಯಬೇಕಿತ್ತು. ಸಡಿಲಿಕೆಯ ನಂತರ ಕಂಪನಿಯೇ ತನ್ನ ವಿಪಿಎನ್ ಹಾಕಿಕೊಳ್ಳಬಹುದು ಎಂದಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಆ ನಿಯಮಾವಳಿಯನ್ನೇ ಬದಲಿಸಿ ಹಗುರ ಮಾಡಿದರು. ಬೆಳಗುತ್ತಿಯ ಹಂಚಿನ ಮನೆಯ ಪಡಸಾಲೆಯಲ್ಲಿ ಕೂತು ಬೆಂಗಳೂರಿನ ಕಚೇರಿಯ ಕೆಲಸ ಮಾಡುವುದು ಸಾಧ್ಯವಾದದ್ದರ ಹಿಂದೆ ಇಷ್ಟೆಲ್ಲ ಇದೆ.

ನಾನು ಹೊನ್ನಾಳಿಯಲ್ಲಿ ಕಂಪ್ಯೂಟರ್ ರಿಪೇರಿ, ಕ್ಯಾಮೆರಾ, ನೆಟ್‌ವರ್ಕ್ ಕೆಲಸ ಮಾಡುವವನು. ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಗೂ ಹೋಗಿಬರುತ್ತೇನೆ. ವಿಪಿಎನ್ ಬೇಕು ಎಂದು ಕರೆಯುವವರಲ್ಲಿ ಮೂರು ತರಹದವರಿದ್ದಾರೆ. ಕಂಪನಿ ಕೆಲಸ ಮನೆಯಿಂದ ಮಾಡುವವರು ಒಂದು. ತೋಟದ, ಕಣದ, ಗಿರಣಿಯ ಕ್ಯಾಮೆರಾವನ್ನು ದೂರದಿಂದ ನೋಡಬೇಕೆನ್ನುವವರು ಇನ್ನೊಂದು. ಯೂಟ್ಯೂಬ್ ಜಾಹೀರಾತಿನಲ್ಲಿ ‘ಇದನ್ನು ಹಾಕಿಕೊಂಡರೆ ಯಾರೂ ನಿಮ್ಮನ್ನು ಹ್ಯಾಕ್ ಮಾಡಲಾರರು’ ಎಂದು ಕೇಳಿ ಬಂದವರು ಮೂರನೆಯವರು. ಮೊದಲ ಎರಡು ಬಗೆಯವರಿಗೆ ವಿಪಿಎನ್ ನಿಜವಾಗಿಯೂ ಬೇಕು. ಮೂರನೆಯವರಲ್ಲಿ ಹೆಚ್ಚಿನವರಿಗೆ ಬೇಡ. ಅದನ್ನು ಕೊನೆಗೆ ಹೇಳುತ್ತೇನೆ.

ಚನ್ನಗಿರಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರು ತಮ್ಮ ಕಣದ ಪಕ್ಕದ ಶೆಡ್ಡಿನಲ್ಲಿ ನಿಂತು ಹೇಳಿದ ಮಾತು ಇದು: ‘ನೋಡು ತಮ್ಮಾ, ಬೆಂಗಳೂರಲ್ಲಿ ಕುಂತ ನನ್ನ ಮಗನಿಗೆ ಈ ಕಣ ಕಾಣ್ಬೇಕು. ಅವನನ್ನ ಬಿಟ್ಟು ಇನ್ಯಾರಿಗೂ ಕಾಣ್ಬಾರ್ದು.’ ನಾನು ‘ಆಯ್ತು ಗೌಡ್ರೆ’ ಅಂದೆ. ವಿಪಿಎನ್ ಯಾಕೆ ಬೇಕು ಎಂಬುದನ್ನು ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ನೋಡಿಲ್ಲ. ಕೊಯ್ಲಿನ ಕಾಲದಲ್ಲಿ ಬೇಯಿಸಿ ಒಣಹಾಕಿದ ಅಡಿಕೆ ಎಂದರೆ ಬಯಲಲ್ಲಿ ಹರವಿಟ್ಟ ದುಡ್ಡು. ರಾತ್ರಿ ಕಣ ಕಾಯುವುದು ಹಿಂದಿನಿಂದಲೂ ಇದೆ. ಈಗ ಕಾವಲಿಗೆ ಕ್ಯಾಮೆರಾ ಸೇರಿದೆ.

ಅವರ ಕಣದಲ್ಲಿ ಅದಾಗಲೇ ಕ್ಯಾಮೆರಾ ಇತ್ತು, ಅದರ ಚಿತ್ರ ದಾಖಲಿಸುವ ಡಿವಿಆರ್ ಇತ್ತು, ಫೈಬರ್ ಇಂಟರ್‌ನೆಟ್ ಇತ್ತು. ಹಿಂದೆ ಬಂದಿದ್ದ ಯಾರೋ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಟ್ಟಿದ್ದರು. ಅಂದರೆ ಹೊರಗಿನಿಂದ ಯಾರು ಬಂದು ಇಂಥ ಸಂಖ್ಯೆಯ ಬಾಗಿಲು ತಟ್ಟಿದರೂ ನೇರ ಡಿವಿಆರ್‌ಗೆ ಬಿಡು ಎಂಬ ಏರ್ಪಾಡು. ನಮ್ಮ ಭಾಗದಲ್ಲಿ ಈಗಲೂ ಬಹಳ ಜನ ಹೀಗೇ ಮಾಡುತ್ತಾರೆ. ಇದು ಅಪಾಯ, ಮಾಡಬೇಡಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹೀಗೆ ತೆರೆದಿಟ್ಟ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ಹುಡುಕಿತು. ಕಾರ್ಖಾನೆಯಿಂದ ಬಂದಾಗಿನ ಹೆಸರು, ಪಾಸ್‌ವರ್ಡುಗಳ ಒಂದು ಸಣ್ಣ ಪಟ್ಟಿಯನ್ನಷ್ಟೇ ಪ್ರಯೋಗಿಸಿ ಅವುಗಳ ಒಳಗೆ ಹೊಕ್ಕಿತು. ಆ ವರ್ಷ ಅಕ್ಟೋಬರ್ 21ರಂದು ಆ ಸಾಧನಗಳೆಲ್ಲ ಒಟ್ಟಾಗಿ ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಬಹಳ ಜನರಿಗೆ ಸಿಗಲಿಲ್ಲ. ಕ್ಯಾಮೆರಾ ಇಟ್ಟವರಿಗೆ ತಮ್ಮ ಡಬ್ಬಿ ಆ ಹೊತ್ತು ಏನು ಮಾಡುತ್ತಿದೆ ಎಂಬ ಸುಳಿವೂ ಇರಲಿಲ್ಲ.

ವಿಪಿಎನ್‌ನಲ್ಲಿ ಡಿವಿಆರ್ ಹೊರಗಿನವರಿಗೆ ಕಾಣುವುದೇ ಇಲ್ಲ. ಮನೆಯ ಒಂದು ಸಾಧನ ಮಾತ್ರ ಹೊರಗಿನ ಮಾತಿಗೆ ಕಿವಿಗೊಡುತ್ತದೆ, ಅದೂ ಕೀಲಿ ಇದ್ದವರ ಮಾತಿಗೆ. ಹೊನ್ನಾಳಿಯಿಂದ ಬೆಂಗಳೂರಿಗೆ ಬಸ್ಸಿನ ಮೇಲೆ ಬೀಗ ಹಾಕಿದ ಟ್ರಂಕು ಕಳಿಸುತ್ತೇವಲ್ಲ, ಹಾಗೆ. ಟ್ರಂಕು ಎಲ್ಲಿ ಹತ್ತಿತು, ಎಲ್ಲಿ ಇಳಿಯುತ್ತದೆ ಎಂಬುದು ಕಂಡಕ್ಟರಿಗೆ ಗೊತ್ತು, ಒಳಗೇನಿದೆ ಗೊತ್ತಿಲ್ಲ. ಬೀಗದ ಕೈ ಎರಡೂ ತುದಿಯವರ ಹತ್ತಿರ ಮಾತ್ರ. ನಿಮ್ಮ ಇಂಟರ್‌ನೆಟ್ ಕಂಪನಿ, ದಾರಿಯಲ್ಲಿ ಬರುವ ವೈಫೈ ಮಾಲೀಕ, ಇವರೆಲ್ಲ ಆ ಕಂಡಕ್ಟರಿನ ಜಾಗದಲ್ಲಿದ್ದಾರೆ.

ಗೌಡರ ಮನೆಯ ಪೋರ್ಟ್ ಫಾರ್ವರ್ಡಿಂಗ್ ಕೆಲಸವನ್ನೂ ಮಾಡುತ್ತಿರಲಿಲ್ಲ. ಮಗ ಬೆಂಗಳೂರಿನಿಂದ ಎಷ್ಟು ಸಲ ಪ್ರಯತ್ನಿಸಿದರೂ ಚಿತ್ರ ಬರುತ್ತಿರಲಿಲ್ಲ. ರೂಟರ್ ಸರಿಯಿಲ್ಲವೆಂದು ಹೊಸದು ತರಿಸಿದ್ದರು, ಆಗಲೂ ಅದೇ ಕಥೆ. ನಾನು ರೂಟರಿನ ಪುಟ ತೆರೆದು ‘ವ್ಯಾನ್’ ಎಂದಿರುವ ಕಡೆ ಐಪಿ ವಿಳಾಸ ನೋಡಿದೆ. 100.7 ಎಂದೋ 100.200 ಎಂದೋ ಶುರುವಾಗಿದ್ದರೆ ಬೇರೆ ಮಾತು, ಅಲ್ಲಿದ್ದದ್ದು 100.72. ಅಷ್ಟಕ್ಕೇ ಕಾರಣ ತಿಳಿದುಹೋಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ವಿಪಿಎನ್ ಕೂಡಿಬರದಿರುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ, ಮತ್ತು ಸಾಧನ ಮಾರುವವರು ಇದನ್ನು ಹೇಳುವುದು ಅಪರೂಪ. ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿ, ಅಂದರೆ ಐಪಿವಿ4, ಒಟ್ಟು ಕೊಡಬಲ್ಲದ್ದು ಸುಮಾರು 430 ಕೋಟಿ ವಿಳಾಸಗಳನ್ನು ಮಾತ್ರ. ಅವುಗಳನ್ನು ಜಗತ್ತಿಗೆ ಹಂಚುವ ಕೇಂದ್ರ ಭಂಡಾರ 2011ರ ಫೆಬ್ರವರಿ 3ರಂದು ಬರಿದಾಯಿತು. ಏಷ್ಯಾ–ಪೆಸಿಫಿಕ್ ಭಾಗಕ್ಕೆ ಹಂಚುವ ಸಂಸ್ಥೆ ಅದೇ ವರ್ಷ ಏಪ್ರಿಲ್‌ನಲ್ಲಿ ಪಡಿತರದ ಹಾಗೆ ಅಳೆದು ಕೊಡಲು ಶುರುಮಾಡಿತು. ನಮ್ಮ ತಾಲ್ಲೂಕುಗಳಿಗೆ ಫೈಬರ್ ಬಂದದ್ದು ಅದಾದ ಮೇಲೆ. ಹಾಗಾಗಿ ಇಂಟರ್‌ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ತೆಗೆದಿಟ್ಟರು. ನಿಮ್ಮ ರೂಟರಿನಲ್ಲಿ ಆ ನಡುವಿನ ಸಂಖ್ಯೆ ಕಂಡರೆ ಆ ವಿಳಾಸ ನಿಮ್ಮ ಕಂಪನಿಯ ಒಳಗಷ್ಟೇ ಚಲಾವಣೆಯದು. ಹೊರಗೆ ಕಾಣುವುದು ಇನ್ನೊಂದು, ಅದು ನಿಮ್ಮೊಬ್ಬರದಲ್ಲ. ಕೆಲವು ಕಂಪನಿಗಳು 10ರಿಂದ ಶುರುವಾಗುವ ಸಂಖ್ಯೆಯನ್ನೂ ಕೊಡುತ್ತವೆ, ಅದೂ ಇದೇ ಜಾತಿ.

ಇಂಥ ಸಂಪರ್ಕದಲ್ಲಿ ಒಳಗಿನಿಂದ ಹೊರಗೆ ಹೋಗಲು ಏನೂ ಅಡ್ಡಿಯಿಲ್ಲ. ಯೂಟ್ಯೂಬ್, ಫೋನ್‌ಪೇ, ವಾಟ್ಸ್‌ಆ್ಯಪ್ ಎಲ್ಲ ನಡೆಯುತ್ತವೆ. ಕಂಪನಿಯ ವಿಪಿಎನ್‌ಗೆ ಮನೆಯಿಂದ ಸೇರಿಕೊಳ್ಳುವುದೂ ನಡೆಯುತ್ತದೆ, ಏಕೆಂದರೆ ಅಲ್ಲಿ ಕರೆಯುವವರು ನೀವು. ಹೊರಗಿನಿಂದ ಮನೆಗೆ ಬರುವ ಕರೆಗೆ ಮಾತ್ರ ದಾರಿ ಇರುವುದಿಲ್ಲ. ಯಾವ ಮನೆಗೆ ಒಪ್ಪಿಸಬೇಕು ಎಂಬುದು ಕಂಪನಿಯ ಯಂತ್ರಕ್ಕೆ ತಿಳಿಯದೆ ಅದನ್ನು ಬಿಸಾಡಿಬಿಡುತ್ತದೆ. ರೂಟರಿಗೆ ಎಷ್ಟೇ ದುಡ್ಡು ಸುರಿದರೂ ಇದು ಸರಿಹೋಗುವುದಿಲ್ಲ.

ಪರೀಕ್ಷೆ ಸುಲಭ. ರೂಟರಿನ ವ್ಯಾನ್ ವಿಳಾಸ ಬರೆದುಕೊಳ್ಳಿ. ಅದೇ ವೈಫೈನಲ್ಲಿ ಮೊಬೈಲಿನಿಂದ ‘ನನ್ನ ಐಪಿ ಏನು’ ಎಂದು ತೋರಿಸುವ ಯಾವುದಾದರೂ ತಾಣ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ವಿಳಾಸ ನಿಮ್ಮದು. ಬೇರೆಯಾಗಿದ್ದರೆ ಮುಂದಿನ ಕೆಲಸಕ್ಕೆ ಕೈಹಾಕುವ ಮೊದಲು ಇದನ್ನು ಬಗೆಹರಿಸಿಕೊಳ್ಳಬೇಕು. ಒಂದು ಎಚ್ಚರಿಕೆ: ಫೈಬರ್ ಕಂಪನಿ ಕೊಟ್ಟ ಡಬ್ಬಿಯ ಹಿಂದೆ ನಿಮ್ಮ ಸ್ವಂತ ರೂಟರ್ ಇದ್ದರೆ, ನಿಮ್ಮ ರೂಟರಿನಲ್ಲಿ 192.168 ಎಂದು ಕಾಣುತ್ತದೆ. ಆಗ ಮುಂದಿನ ಡಬ್ಬಿಯ ಪುಟವನ್ನೇ ತೆರೆದು ನೋಡಬೇಕು. ಎರಡೂ ಡಬ್ಬಿ ರೂಟರ್ ಕೆಲಸ ಮಾಡುತ್ತಿದ್ದರೆ ಕಂಪನಿಯ ಡಬ್ಬಿಯನ್ನು, ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಬ್ರಿಡ್ಜ್ ಸ್ಥಿತಿಗೆ ಹಾಕಿಸಿ.

ಬಗೆಹರಿಸುವ ದಾರಿಗಳಲ್ಲಿ ಮೊದಲನೆಯದು, ಕಂಪನಿಯನ್ನು ಕೇಳಿ ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳುವುದು. ಹೆಚ್ಚುವರಿ ದುಡ್ಡು ಕೊಡಬೇಕು, ಮನೆ ಸಂಪರ್ಕಕ್ಕೆ ಕೆಲವರು ಕೊಡುವುದೇ ಇಲ್ಲ. ಇನ್ನೊಂದು, ಹೊಸ ವಿಳಾಸ ಪದ್ಧತಿಯಾದ ಐಪಿವಿ6. ಅದರಲ್ಲಿ ವಿಳಾಸಗಳಿಗೆ ಬರವಿಲ್ಲ, ಮನೆಯ ಪ್ರತಿ ಸಾಧನಕ್ಕೂ ಸ್ವಂತದ್ದು ಸಿಗುತ್ತದೆ. ಜಿಯೊ 2016ರ ಸೆಪ್ಟೆಂಬರ್‌ನಲ್ಲಿ ಸೇವೆ ಶುರುಮಾಡಿದಾಗಿನಿಂದಲೂ ತನ್ನ ಜಾಲದಲ್ಲಿ ಇದನ್ನು ಇಟ್ಟುಕೊಂಡಿದೆ. ಆದರೆ ಎರಡೂ ತುದಿಯಲ್ಲಿ ಐಪಿವಿ6 ಇರಬೇಕು. ಮಗ ಕೂತ ಕಚೇರಿಯ ವೈಫೈನಲ್ಲಿ ಇಲ್ಲದಿದ್ದರೆ ಆಗುವುದಿಲ್ಲ. ಸ್ವಂತ ವಿಳಾಸವಿರುವ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದು, ಮನೆಯೂ ಮಗನ ಫೋನೂ ಎರಡೂ ಅದಕ್ಕೇ ಕರೆಮಾಡಿ ಅಲ್ಲಿ ಕೂಡಿಕೊಳ್ಳುವಂತೆ ಮಾಡುವುದೂ ಒಂದು ದಾರಿ. ಇದೇ ಕೆಲಸವನ್ನು ತಮ್ಮ ಕಡೆಯಿಂದಲೇ ಮಾಡಿಕೊಡುವ ಟೇಲ್‌ಸ್ಕೇಲ್‌ನಂಥ ಸೇವೆಗಳಿವೆ. ಅವು ಎರಡು ಸಾಧನಗಳನ್ನು ಪರಸ್ಪರ ಪರಿಚಯಿಸಿ, ಆದಷ್ಟು ನೇರವಾಗಿಯೇ ಮಾತಾಡಿಕೊಳ್ಳಲು ಬಿಡುತ್ತವೆ. ನೇರ ದಾರಿ ಸಿಗದಿದ್ದರೆ ತಮ್ಮ ಮೂಲಕ ಸಾಗಿಸುತ್ತವೆ, ಬೀಗ ಮಾತ್ರ ಸಾಧನಗಳ ಹತ್ತಿರವೇ ಉಳಿಯುತ್ತದೆ. ಗೌಡರ ಮನೆಗೆ ನಾನು ಹಾಕಿಕೊಟ್ಟದ್ದು ಇಂಥದ್ದೇ. ಡಿವಿಆರ್ ಪಕ್ಕದಲ್ಲಿ ಒಂದು ಸಣ್ಣ ಕಂಪ್ಯೂಟರ್ ಇಟ್ಟು, ಹಳೆಯ ಪೋರ್ಟ್ ಫಾರ್ವರ್ಡಿಂಗ್ ಅಳಿಸಿ, ಡಿವಿಆರ್‌ನ ಪಾಸ್‌ವರ್ಡ್ ಬದಲಿಸಿದ್ದಾಯಿತು.

ಸ್ವಂತ ವಿಳಾಸ ಇರುವ ಮನೆಗಳಿಗೆ ನಾನು ಹಾಕುವುದು ವೈರ್‌ಗಾರ್ಡ್. ವಿಪಿಎನ್‌ಗಳಲ್ಲಿ ಹಳಬರಿದ್ದಾರೆ. 1990ರ ದಶಕದ ಪಿಪಿಟಿಪಿ ಈಗಲೂ ಕೆಲವು ರೂಟರುಗಳ ಪಟ್ಟಿಯಲ್ಲಿ ಕಾಣುತ್ತದೆ. ಅದರ ಬೀಗ ಮುರಿದುಹೋಗಿ ಬಹಳ ವರ್ಷವಾಯಿತು, ಯಾವ ಕಾರಣಕ್ಕೂ ಬಳಸಬೇಡಿ. 2001ರಲ್ಲಿ ಬಂದ ಓಪನ್‌ವಿಪಿಎನ್ ಗಟ್ಟಿ, ಈಗಲೂ ಒಳ್ಳೆಯದು, ಆದರೆ ಹೊಂದಿಸುವುದು ಜಾಸ್ತಿ. ಜೇಸನ್ ಡೋನೆನ್‌ಫೆಲ್ಡ್ ಎಂಬಾತ ಬರೆದ ವೈರ್‌ಗಾರ್ಡ್ ಚಿಕ್ಕದು, ಚುರುಕು. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಲ್ಲಿ ಅದನ್ನು ಸೇರಿಸಿಕೊಂಡರು. ಈಗ ಅದು ಕೆಲವು ಮನೆ ರೂಟರುಗಳಲ್ಲೇ ಬರುತ್ತದೆ. ಬರದಿದ್ದರೆ ಮೂಲೆ ಸೇರಿದ ಹಳೆಯ ಕಂಪ್ಯೂಟರ್ ಅಥವಾ ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಕು.

ಹಾಕುವ ಬಗೆ ಹೀಗಿದೆ. ಪ್ರತಿ ಸಾಧನಕ್ಕೂ ಜೋಡಿ ಕೀಲಿ. ಒಂದು ಗುಟ್ಟಿನದು, ಸಾಧನ ಬಿಟ್ಟು ಹೊರಗೆ ಹೋಗಬಾರದು. ಇನ್ನೊಂದು ಬಹಿರಂಗದ್ದು, ಎದುರು ತುದಿಯವರಿಗೆ ಕೊಡಬೇಕು. ಕೀಲಿ ಎಂದರೆ 44 ಅಕ್ಷರಗಳ ಒಂದು ಸಾಲು, ಕೊನೆಗೊಂದು ಸಮ ಚಿಹ್ನೆ. ಕೈಯಲ್ಲಿ ನಕಲು ಮಾಡುವಾಗ ಆ ಸಮ ಚಿಹ್ನೆ ಬಿಟ್ಟುಹೋಗಿ ಇಡೀ ದಿನ ಒದ್ದಾಡಿದವರನ್ನು ನೋಡಿದ್ದೇನೆ. ಮನೆಯ ಸರ್ವರ್ ಯುಡಿಪಿ 51820ನೇ ಪೋರ್ಟಿನಲ್ಲಿ ಕಾಯುತ್ತದೆ, ರೂಟರಿನಲ್ಲಿ ಅದೊಂದನ್ನು ಮಾತ್ರ ಸರ್ವರಿನ ಕಡೆ ತಿರುಗಿಸಬೇಕು. ಇಲ್ಲಿ ಟಿಸಿಪಿ ಎಂದು ಆಯ್ದರೆ ಏನೂ ನಡೆಯುವುದಿಲ್ಲ. ಸರ್ವರಿಗೆ ಮನೆಯೊಳಗಿನ ವಿಳಾಸ ಕಾಯಂ ಮಾಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಅದಕ್ಕೆ ಬೇರೆ ವಿಳಾಸ ಸಿಕ್ಕಿ ದಾರಿ ತಪ್ಪುತ್ತದೆ. ವಿಳಾಸ ಸ್ವಂತದ್ದಾದರೂ ಆಗಾಗ ಬದಲಾಗುವಂಥದ್ದಾದರೆ ಡೈನಾಮಿಕ್ ಡಿಎನ್‌ಎಸ್ ಸೇವೆಯಲ್ಲಿ ಒಂದು ಹೆಸರು ಮಾಡಿಸಿ, ಫೋನಿನಲ್ಲಿ ಸಂಖ್ಯೆಯ ಬದಲು ಆ ಹೆಸರು ಕೊಡಿ. ಫೋನಿಗೆ ಕ್ಯೂಆರ್ ಕೋಡ್ ತೋರಿಸಿದರೆ ಎಲ್ಲ ಒಂದೇ ಸಲ ತುಂಬಿಕೊಳ್ಳುತ್ತದೆ. ಆದರೆ ಆ ಕ್ಯೂಆರ್ ಚಿತ್ರದೊಳಗೆ ಗುಟ್ಟಿನ ಕೀಲಿಯೂ ಇರುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಕೆಲಸವಾದ ಕೂಡಲೇ ಅಳಿಸಿಬಿಡಿ.

ವೈರ್‌ಗಾರ್ಡ್‌ನ ಒಂದು ಸ್ವಭಾವ ತಿಳಿದಿದ್ದರೆ ಅರ್ಧ ತೊಂದರೆ ಕಡಿಮೆ. ಅದು ತಪ್ಪಾದ ಕೀಲಿಗೆ ‘ತಪ್ಪು’ ಎಂದು ಉತ್ತರಿಸುವುದಿಲ್ಲ, ಏನನ್ನೂ ಹೇಳದೆ ಸುಮ್ಮನಿರುತ್ತದೆ. ಹೊರಗಿನಿಂದ ಹುಡುಕುವವರಿಗೆ ಅಲ್ಲೊಂದು ಬಾಗಿಲಿದೆ ಎಂದೇ ಗೊತ್ತಾಗಬಾರದು ಎಂಬುದು ಅದರ ಉದ್ದೇಶ. ರಿಪೇರಿಗೆ ಕೂತವರಿಗೆ ಇದು ಕಷ್ಟ. ಫೋನಿನಲ್ಲಿ ಗುಂಡಿ ಒತ್ತಿದ ತಕ್ಷಣ ಆನ್ ಆದಂತೆ ಕಾಣುತ್ತದೆ, ಎದುರು ತುದಿಯಲ್ಲಿ ಯಾರೂ ಇಲ್ಲದಿದ್ದರೂ. ನೋಡಬೇಕಾದ್ದು ‘ಕೊನೆಯ ಹ್ಯಾಂಡ್‌ಶೇಕ್’ ಎಂಬ ಸಾಲನ್ನು, ಅಂದರೆ ಎರಡು ತುದಿಗಳು ಕೊನೆಯ ಸಲ ಕೈಕುಲುಕಿದ್ದು ಯಾವಾಗ ಎಂಬುದನ್ನು. ಅಲ್ಲಿ ಎರಡು ನಿಮಿಷದ ಒಳಗಿನ ಸಮಯ ಇದ್ದರೆ ಕೀಲಿ, ಪೋರ್ಟ್, ವಿಳಾಸ ಮೂರೂ ಸರಿ, ದೋಷ ಮುಂದೆಲ್ಲೋ ಇದೆ. ಆ ಸಾಲೇ ಇಲ್ಲದಿದ್ದರೆ ದೋಷ ಸಾಮಾನ್ಯವಾಗಿ ಈ ಮೂರರಲ್ಲಿರುತ್ತದೆ. ಸ್ವೀಕರಿಸಿದ್ದು ಸೊನ್ನೆ, ಕಳಿಸಿದ್ದು ಮಾತ್ರ ಏರುತ್ತಿದೆ ಎಂದರೆ ನಿಮ್ಮ ಮಾತು ಹೋಗುತ್ತಿದೆ, ಉತ್ತರ ಬರುತ್ತಿಲ್ಲ.

ಜಗಳೂರು ತಾಲ್ಲೂಕಿನ ಒಂದು ಹೊಲದ ಮನೆಯಲ್ಲಿ ಈ ಮೌನದಿಂದಾಗಿ ಬಹಳ ತಲೆಕೆಡಿಸಿಕೊಳ್ಳಬೇಕಾಯಿತು. ಅಲ್ಲಿ ಫೈಬರ್ ಇಲ್ಲ. ಸಿಮ್ ಹಾಕುವ ರೂಟರ್, ಅದರ ಹಿಂದೆ ಒಂದು ರಾಸ್ಪ್‌ಬೆರಿ ಪೈ, ಬೋರ್‌ವೆಲ್ ಪಕ್ಕದಲ್ಲಿ ಕ್ಯಾಮೆರಾ. ಪೈ ತಾನೇ ಬಾಡಿಗೆಯ ಸರ್ವರಿಗೆ ಕರೆಮಾಡಿ ಸೇರಿಕೊಳ್ಳಬೇಕು. ಎಲ್ಲ ಚೆನ್ನಾಗಿತ್ತು. ಕರೆಂಟ್ ಹೋಗಿ ಬಂದರೆ ಮಾತ್ರ ವಿಪಿಎನ್ ಬರುತ್ತಿರಲಿಲ್ಲ. ಒಮ್ಮೆ ಹತ್ತು ನಿಮಿಷ, ಒಮ್ಮೆ ಮುಕ್ಕಾಲು ಗಂಟೆ ಸತಾಯಿಸಿ, ಆಮೇಲೆ ಯಾರೂ ಮುಟ್ಟದೆ ತಾನೇ ಸರಿಹೋಗುತ್ತಿತ್ತು. ಮನೆಯವರು ‘ಸಿಗ್ನಲ್ ವೀಕು ಸರ್’ ಎಂದು ತೀರ್ಮಾನಿಸಿದ್ದರು. ಸಿಗ್ನಲ್ ಚೆನ್ನಾಗಿತ್ತು, ಅದೇ ಸಿಮ್‌ನಲ್ಲಿ ಮೊಬೈಲಿಗೆ ಇಂಟರ್‌ನೆಟ್ ಬರುತ್ತಿತ್ತು.

ಮುಕ್ಕಾಲು ಗಂಟೆ, ಆದರೆ ಎಂದೂ ಒಂದು ಗಂಟೆ ದಾಟುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಉಳಿಯಿತು. ಕರೆಂಟ್ ಬಂದ ತಕ್ಷಣ ಪೈನಲ್ಲಿ ಗಡಿಯಾರ ನೋಡಿದೆ. ಅದು ಹಿಂದಿತ್ತು. ಆ ಮಾದರಿಯ ಪೈನಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋದರೆ ಸಮಯ ಮರೆತುಹೋಗುತ್ತದೆ. ಅದಕ್ಕೆಂದು ಗಂಟೆಗೊಮ್ಮೆ ಸಮಯವನ್ನು ಕಡತದಲ್ಲಿ ಬರೆದಿಟ್ಟುಕೊಂಡು, ಎದ್ದಾಗ ಅಲ್ಲಿಂದಲೇ ಎಣಿಕೆ ಶುರುಮಾಡುತ್ತದೆ. ಇತ್ತ ವೈರ್‌ಗಾರ್ಡ್‌ನಲ್ಲಿ ಪ್ರತಿ ಹ್ಯಾಂಡ್‌ಶೇಕ್ ಮೇಲೂ ಸಮಯದ ಮುದ್ರೆ ಇರುತ್ತದೆ. ಒಮ್ಮೆ ಬಂದ ಮುದ್ರೆಗಿಂತ ಹಿಂದಿನ ಮುದ್ರೆ ಬಂದರೆ, ಯಾರೋ ಹಳೆಯ ಸಂದೇಶ ಕದ್ದಿಟ್ಟುಕೊಂಡು ಮತ್ತೆ ಕಳಿಸುತ್ತಿದ್ದಾರೆ ಎಂದು ಸರ್ವರ್ ಅದನ್ನು ತಳ್ಳಿಹಾಕುತ್ತದೆ, ಮಾತಿಲ್ಲದೆ. ಪೈ ಗಡಿಯಾರ ನಡೆಯುತ್ತ ನಡೆಯುತ್ತ ಆ ಹಳೆಯ ಮುದ್ರೆಯನ್ನು ದಾಟಿದ ಕ್ಷಣ ಎಲ್ಲ ಸರಿ. ಬರೆದಿಟ್ಟ ಹೊತ್ತಿಗೂ ಕರೆಂಟ್ ಹೋದ ಹೊತ್ತಿಗೂ ಇರುವ ಅಂತರ ಒಂದು ಗಂಟೆ ಮೀರುವುದಿಲ್ಲವಲ್ಲ.

ಪೈಗೆ ಸಮಯವನ್ನು ಇಂಟರ್‌ನೆಟ್ಟಿನಿಂದ ಸರಿಪಡಿಸಿಕೊಳ್ಳುವ ಏರ್ಪಾಡು ಇದ್ದೇ ಇತ್ತು. ಆದರೆ ಎಲ್ಲ ಸಂಚಾರವೂ ವಿಪಿಎನ್ ಮೂಲಕವೇ ಹೋಗಲಿ ಎಂದು ಅದನ್ನು ಹೊಂದಿಸಿದ್ದರು. ಸಮಯ ಬಂದರೆ ವಿಪಿಎನ್, ವಿಪಿಎನ್ ಬಂದರೆ ಸಮಯ ಎಂಬ ಗಂಟು ಬಿದ್ದಿತ್ತು. ‘ಅಲೌಡ್ ಐಪಿ’ ಎಂಬ ಸಾಲಿನಲ್ಲಿ ಎಲ್ಲ ವಿಳಾಸಗಳ ಬದಲು ವಿಪಿಎನ್‌ನ ಒಳ ವಿಳಾಸಗಳನ್ನಷ್ಟೇ ಬರೆದೆ. ಸಮಯದ ಪ್ರಶ್ನೆ ನೇರವಾಗಿ ಸಿಮ್ ಮೂಲಕ ಹೋಗಿ ಬಂತು. ಜೊತೆಗೆ ನಾಣ್ಯದಂಥ ಬ್ಯಾಟರಿ ಇರುವ ಸಣ್ಣ ಗಡಿಯಾರದ ಬಿಲ್ಲೆ ಕೂರಿಸಿದೆ. ಆಮೇಲೆ ಕರೆಂಟ್ ಹೋಗಿ ಬಂದರೂ ಅದು ನಿಮಿಷದೊಳಗೆ ಎದ್ದು ಕೂರುತ್ತದೆ. ಇಂಥ ಕಡೆ ‘ಕೀಪ್‌ಅಲೈವ್’ 25 ಸೆಕೆಂಡ್ ಎಂದು ಇಡುವುದನ್ನೂ ಮರೆಯಬಾರದು. ಮಾತಿಲ್ಲದೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮೊಬೈಲ್ ಜಾಲ ಆ ದಾರಿಯನ್ನು ಮುಚ್ಚಿಬಿಡುತ್ತದೆ.

ನ್ಯಾಮತಿಯ ಒಂದು ಮನೆಯಲ್ಲಿ ಕಂಡ ತೊಂದರೆ ಬೇರೆ ತರಹದ್ದು. ಅಪ್ಪ ಅಮ್ಮನ ಜೊತೆ ಇದ್ದು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹೆಣ್ಣುಮಗಳು ಕರೆದಿದ್ದರು. ‘ಅಣ್ಣಾ, ಕನೆಕ್ಟೆಡ್ ಅಂತಲೇ ತೋರಿಸ್ತದೆ. ಚಾಟ್ ಬರ್ತದೆ. ಟೈಮ್‌ಶೀಟ್ ಪುಟ ಮಾತ್ರ ಸುತ್ತುತ್ತಾನೇ ಇರ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿದ್ರೆ ಬರ್ತದೆ.’ ಈ ಕೊನೆಯ ಮಾತು ಬಹಳ ಉಪಯುಕ್ತ. ಇಂಟರ್‌ನೆಟ್ ಬದಲಿಸಿದರೆ ಸರಿಹೋಗುತ್ತದೆ ಎಂದರೆ ಲ್ಯಾಪ್‌ಟಾಪ್, ಪಾಸ್‌ವರ್ಡ್, ಕಂಪನಿ ಸರ್ವರ್ ಎಲ್ಲವೂ ಶಂಕೆಯಿಂದ ಹೊರಗೆ.

ಚಿಕ್ಕ ಮಾತು ಹೋಗುತ್ತದೆ, ದೊಡ್ಡದು ಸಿಕ್ಕಿಬೀಳುತ್ತದೆ ಎಂದಾಗ ಪೊಟ್ಟಣದ ಗಾತ್ರ ನೋಡಬೇಕು. ಇಂಟರ್‌ನೆಟ್ಟಿನಲ್ಲಿ ಮಾಹಿತಿ ಪೊಟ್ಟಣಗಳಾಗಿ ಹೋಗುತ್ತದೆ, ಒಂದರ ಮಿತಿ ಸಾಮಾನ್ಯವಾಗಿ 1500 ಬೈಟ್. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಬಗೆಯ ಫೈಬರ್ ಸಂಪರ್ಕದಲ್ಲಿ 8 ಬೈಟ್ ಅದಕ್ಕೇ ಖರ್ಚಾಗಿ 1492 ಉಳಿಯುತ್ತದೆ. ವಿಪಿಎನ್ ತನ್ನ ಬೀಗದ ಹೊದಿಕೆಯನ್ನು ಸೇರಿಸಿದ ಮೇಲೆ ಪೊಟ್ಟಣ ಅದಕ್ಕಿಂತ ದೊಡ್ಡದಾದರೆ ದಾರಿಯಲ್ಲಿ ನಿಲ್ಲುತ್ತದೆ. ‘ದೊಡ್ಡದಾಯಿತು, ಚಿಕ್ಕದು ಕಳಿಸು’ ಎಂಬ ಸೂಚನೆ ಹಿಂದಿರುಗಬೇಕು. ಭದ್ರತೆಯ ಹೆಸರಿನಲ್ಲಿ ಆ ಸೂಚನೆಯನ್ನೇ ತಡೆಹಿಡಿಯುವ ಜಾಲಗಳು ಬಹಳ ಇವೆ. ಆಗ ಲ್ಯಾಪ್‌ಟಾಪ್ ಅದೇ ಗಾತ್ರದ ಪೊಟ್ಟಣ ಮತ್ತೆ ಮತ್ತೆ ಕಳಿಸುತ್ತದೆ, ಪುಟ ಸುತ್ತುತ್ತಲೇ ಇರುತ್ತದೆ.

ವಿಂಡೋಸ್‌ನ ಕಮಾಂಡ್ ಪರದೆಯಲ್ಲಿ ಪಿಂಗ್ ಆದೇಶಕ್ಕೆ ‘ತುಂಡು ಮಾಡಬೇಡ’ ಎಂಬ ಆಯ್ಕೆ ಸೇರಿಸಿ ಗಾತ್ರ ಕೊಟ್ಟು ನೋಡಬಹುದು. ವಿಪಿಎನ್ ಇಲ್ಲದೆ 1472 ಕಳಿಸಿದೆ. ತಲೆಬರಹದ 28 ಸೇರಿ ಅದು 1500 ಆಗುತ್ತದೆ. ಹೋಗಲಿಲ್ಲ. 1464 ಹೋಯಿತು, ಅಂದರೆ 1492. ವಿಪಿಎನ್ ಹಾಕಿ ಕಂಪನಿಯ ಒಳ ವಿಳಾಸಕ್ಕೆ ದೊಡ್ಡದರಿಂದ ಶುರುಮಾಡಿ ಇಳಿಸುತ್ತ ಬಂದು, ಎಲ್ಲಿ ಉತ್ತರ ಬರತೊಡಗಿತೋ ಆ ಅಂಕಿ ಬರೆದುಕೊಂಡೆವು. ಕಂಪನಿ ಲ್ಯಾಪ್‌ಟಾಪಿನಲ್ಲಿ ನಾವು ಏನೂ ಬದಲಿಸುವ ಹಾಗಿಲ್ಲ, ಬದಲಿಸಲೂಬಾರದು. ಆ ಅಂಕಿಗಳನ್ನೆಲ್ಲ ಮೇಲ್ ಬರೆದು ಅವರ ಐಟಿ ವಿಭಾಗಕ್ಕೆ ಕಳಿಸಲು ಹೇಳಿದೆ. ‘ವಿಪಿಎನ್ ಸ್ಲೋ ಇದೆ’ ಎಂದು ಅವರು ಹಿಂದೆ ಕಳಿಸಿದ್ದ ದೂರುಗಳಿಗೆ ‘ನಿಮ್ಮ ಮನೆ ಇಂಟರ್‌ನೆಟ್ ನೋಡಿಸಿ’ ಎಂಬ ಉತ್ತರ ಬಂದಿತ್ತು. ಅಂಕಿ ಇದ್ದ ಮೇಲ್‌ಗೆ ಕೆಲಸವಾಯಿತು, ಅವರು ತಮ್ಮ ಕಡೆ ಎಂಟಿಯು, ಅಂದರೆ ಪೊಟ್ಟಣದ ಗಾತ್ರದ ಮಿತಿ, ಇಳಿಸಿದರು. ನಿಮ್ಮದೇ ವೈರ್‌ಗಾರ್ಡ್ ಆದರೆ ನೀವೇ ಮಾಡಬಹುದು. ಅದು ತಾನಾಗಿ 1420 ಇಟ್ಟುಕೊಳ್ಳುತ್ತದೆ. 1492ರ ಸಂಪರ್ಕಕ್ಕೆ 1412 ಸರಿ. ಸಿಮ್ ಮೂಲಕ ಹೋಗುವಾಗ ತೊಂದರೆ ಕಂಡರೆ 1280ಕ್ಕೆ ಇಳಿಸಿ ನೋಡಿ.

ಹೊನ್ನಾಳಿಯ ಒಂದು ಅಕ್ಕಿ ಗಿರಣಿಯಲ್ಲಿ ವಿಪಿಎನ್ ಕೂಡಿತು, ಹ್ಯಾಂಡ್‌ಶೇಕ್ ಬಂತು, ಆದರೆ ಮನೆಯಿಂದ ಗಿರಣಿಯ ಲೆಕ್ಕದ ಕಂಪ್ಯೂಟರ್ ತೆರೆಯಲಿಲ್ಲ. ಮನೆಯ ರೂಟರೂ 192.168.1, ಗಿರಣಿಯ ರೂಟರೂ 192.168.1. ಗಿರಣಿಯ 192.168.1.50 ಬೇಕೆಂದರೆ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ. ಗಿರಣಿಯ ಕಡೆ 192.168.73 ಎಂದು ಬದಲಿಸಿದ್ದೇ ಸರಿಹೋಯಿತು. ಹೀಗೆ ಬದಲಿಸುವಾಗ ಕ್ಯಾಮೆರಾ, ಪ್ರಿಂಟರ್‌ಗಳಿಗೆ ಕೈಯಲ್ಲಿ ಕೊಟ್ಟಿದ್ದ ವಿಳಾಸಗಳನ್ನೂ ಬದಲಿಸಬೇಕು. ಸಂಖ್ಯೆ ಕೊಟ್ಟರೆ ತೆರೆದು ಹೆಸರು ಕೊಟ್ಟರೆ ತೆರೆಯದಿದ್ದರೆ ಅದು ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್‌ನ ದೋಷ, ವಿಪಿಎನ್ ಮುಟ್ಟಬೇಕಿಲ್ಲ. ಇನ್ನು ಎಲ್ಲಕ್ಕೂ ಮೊದಲು ಫೈಬರ್ ಡಬ್ಬಿಯ ಎಲ್‌ಒಎಸ್ ದೀಪ ಕೆಂಪಗಿದೆಯೇ ನೋಡಿ. ಕೆಂಪಗಿದ್ದರೆ ದಾರಿಯಲ್ಲಿ ಎಲ್ಲೋ ಸಂಪರ್ಕ ಕಡಿದಿದೆ, ಮಿಕ್ಕದ್ದೆಲ್ಲ ಆಮೇಲೆ.

ಈಗ ಆ ಮೂರನೆಯ ಬಗೆಯವರ ಮಾತು. ಮೊಬೈಲಿಗೆ ಬಿಟ್ಟಿ ವಿಪಿಎನ್ ಇಳಿಸಿಕೊಂಡವರಿಗೆ ನಾನು ಹೇಳುವುದಿಷ್ಟು: ಅದು ನಿಮ್ಮನ್ನು ನಿಮ್ಮ ಮನೆಗೂ ಕರೆದೊಯ್ಯುವುದಿಲ್ಲ, ನಿಮ್ಮ ಕಚೇರಿಗೂ ಕರೆದೊಯ್ಯುವುದಿಲ್ಲ. ಯಾರೋ ಅಪರಿಚಿತರ ಯಂತ್ರಕ್ಕೆ ಒಯ್ದು ಅಲ್ಲಿಂದ ಹೊರಗೆ ಬಿಡುತ್ತದೆ. ಬ್ಯಾಂಕಿನ ಆ್ಯಪ್, ಯುಪಿಐ ಮೊದಲೇ ತಮ್ಮದೇ ಬೀಗ ಹಾಕಿಕೊಂಡಿರುತ್ತವೆ, ಅವಕ್ಕೆ ಇದರಿಂದ ಹೆಚ್ಚಿನ ರಕ್ಷಣೆ ಇಲ್ಲ. ವಂಚಕರ ಕರೆಗೆ ಒಟಿಪಿ ಹೇಳಿಬಿಟ್ಟರೆ ಯಾವ ವಿಪಿಎನ್ನೂ ಕಾಯುವುದಿಲ್ಲ. ಫೇಸ್‌ಬುಕ್ 2013ರಲ್ಲಿ ಓನಾವೊ ಎಂಬ ಕಂಪನಿಯನ್ನು ಕೊಂಡು, ಅದರ ಬಿಟ್ಟಿ ವಿಪಿಎನ್ ಆ್ಯಪನ್ನು ರಕ್ಷಣೆಯ ಹೆಸರಿನಲ್ಲಿ ಹಂಚಿತು. ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ಮಾಹಿತಿಯನ್ನು ಅದರಿಂದಲೇ ಸಂಗ್ರಹಿಸಿತು. 2018ರಲ್ಲಿ ಆ್ಯಪಲ್ ಅಂಗಡಿಯಿಂದ ಅದನ್ನು ತೆಗೆಯಬೇಕಾಯಿತು, 2019ರಲ್ಲಿ ಅದು ಮುಚ್ಚಿತು. 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಈ ಕಾರಣಕ್ಕೇ ಫೇಸ್‌ಬುಕ್‌ನ ಈಗಿನ ಮಾತೃಸಂಸ್ಥೆ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ನಮ್ಮಲ್ಲಿ ವಿಪಿಎನ್ ಬಳಕೆ ಕಾನೂನುಬಾಹಿರವೇ ಎಂದು ಬಹಳ ಜನ ಕೇಳುತ್ತಾರೆ. ಮನೆಯ ಕ್ಯಾಮೆರಾ ನೋಡಲು, ಕಚೇರಿ ಕೆಲಸಕ್ಕೆ ಬಳಸಲು ಅಡ್ಡಿಯಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ–ಇನ್, ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ಇದನ್ನು ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್‌ನಂಥ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಕಂಪನಿಗಳು ತಮ್ಮ ನೌಕರರಿಗೆಂದು ನಡೆಸುವ ವಿಪಿಎನ್‌ಗೆ ಆ ನಿಯಮ ಅನ್ವಯಿಸುವುದಿಲ್ಲ ಎಂದು ಅದೇ ಸಂಸ್ಥೆ ಆಮೇಲೆ ಸ್ಪಷ್ಟಪಡಿಸಿದೆ. ವಿಪಿಎನ್ ಹಾಕಿಕೊಂಡು ತಪ್ಪು ಮಾಡಿದರೆ ಅದು ತಪ್ಪೇ, ಹಾಕಿಕೊಳ್ಳದೆ ಮಾಡಿದಷ್ಟೇ.

ಒಮ್ಮೆ ಹೊಂದಿಸಿದ ಮೇಲೂ ಕೆಲಸ ಇರುತ್ತದೆ. ರೂಟರ್ ಮತ್ತು ಸರ್ವರಿನ ತಂತ್ರಾಂಶ ಹೊಸದಾದಾಗ ಹಾಕಿಕೊಳ್ಳಿ. ಮನೆಯಲ್ಲಿ ಯಾರ ಸಾಧನಕ್ಕೆ ಯಾವ ಕೀಲಿ ಕೊಟ್ಟಿದೆ ಎಂದು ಹೆಸರು ಬರೆದಿಡಿ. ಒಂದೇ ಕೀಲಿಯನ್ನು ಮಗನ ಫೋನಿಗೂ ಸೊಸೆಯ ಫೋನಿಗೂ ಹಾಕಬೇಡಿ. ಇಬ್ಬರೂ ಒಟ್ಟಿಗೆ ಸೇರಿದಾಗ ಸರ್ವರಿಗೆ ಯಾರಿಗೆ ಉತ್ತರಿಸಬೇಕೋ ತಿಳಿಯದೆ ಒಮ್ಮೆ ಇವರದು, ಒಮ್ಮೆ ಅವರದು ಕಡಿದುಹೋಗುತ್ತದೆ. ಬೇರೆ ಬೇರೆ ಕೀಲಿ ಕೊಟ್ಟಿದ್ದರೆ ಇನ್ನೊಂದು ಅನುಕೂಲವಿದೆ. ಚನ್ನಗಿರಿಯ ಸಂತೆಯಲ್ಲಿ ಫೋನ್ ಕಳೆದುಹೋಯಿತು ಎಂದು ಯಾರಾದರೂ ಕರೆಮಾಡಿದರೆ, ನಾನು ಮೊದಲು ಸಿಮ್ ಬಂದ್ ಮಾಡಿಸಿ ಎನ್ನುತ್ತೇನೆ, ಆಮೇಲೆ ಸರ್ವರಿನ ಪಟ್ಟಿಯಲ್ಲಿ ಆ ಫೋನಿನ ಬಹಿರಂಗ ಕೀಲಿಯ ಸಾಲು ಅಳಿಸಿ ಸೇವ್ ಮಾಡುತ್ತೇನೆ. ಆ ಫೋನಿಗೆ ಅಲ್ಲಿಂದಾಚೆ ಕಣ ಕಾಣುವುದಿಲ್ಲ, ಮಿಕ್ಕವರ ಫೋನಿನಲ್ಲಿ ಏನೂ ಬದಲಾಗುವುದಿಲ್ಲ.